ಅರ್ಧ ಅಡಿಯ ಎತ್ತರ

ಕಾಲಿನಲ್ಲಿ ಶಕ್ತಿಯುಳ್ಳವರಿಗೆ ಕಾಲುದಾರಿಯ ಅಂಚಿನ ಅರ್ಧ ಅಡಿ ಎತ್ತರ ಲೆಕ್ಕಕ್ಕೇ ಬಾರದು. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಅದೇ ಕೋಟೆಯ ಗೋಡೆ. ಅದನ್ನು ದಾಟಲಾರದವರಿಗೆ ಪೇಟೆಯೂ ಇಲ್ಲ, ಕಚೇರಿಯೂ ಇಲ್ಲ, ಮತಗಟ್ಟೆಯೂ ಇಲ್ಲ.

ಈ ಅಡ್ಡಿಯನ್ನು ನಿವಾರಿಸಬೇಕಾದುದು ಬೀದಿಗಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆ. ಅಮೆರಿಕದ ಕ್ಯಾಲಮಝೂ ಪಟ್ಟಣವು 1940ರ ದಶಕದಲ್ಲಿ, ಯುದ್ಧದಲ್ಲಿ ಗಾಯಗೊಂಡು ಹಿಂದಿರುಗಿದವರ ಸಲುವಾಗಿ ಕೆಲವು ಮೂಲೆಗಳಲ್ಲಿ ಅಂಚನ್ನು ತಗ್ಗಿಸಿ ಇಳಿಜಾರು ಮಾಡಿಸಿತು. ಬರ್ಕ್ಲಿ ನಗರದಲ್ಲಿ ಅಂಗವಿಕಲ ವಿದ್ಯಾರ್ಥಿಗಳೇ ಒತ್ತಾಯಿಸಲು, 1971ರಲ್ಲಿ ನಗರಸಭೆಯು ಇದನ್ನು ತನ್ನ ಧೋರಣೆಯಾಗಿ ಅಂಗೀಕರಿಸಿತು. ಮಗುವಿನ ಗಾಡಿ ತಳ್ಳುವ ತಾಯಂದಿರಿಗೂ ಅದರಿಂದ ಉಪಕಾರವಾಯಿತು.

ಸಾರ್ವಜನಿಕ ಕಟ್ಟಡಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂದು ನಮ್ಮ ದೇಶದ 2016ರ ಕಾಯಿದೆಯೂ ವಿಧಿಸಿದೆ. ಲೆಕ್ಕ ಸುಲಭವಾದುದು: 1 ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕು, ಅರ್ಧ ಅಡಿಗೆ 6 ಅಡಿ. ಇದಕ್ಕಿಂತ ಕಡಿದಾದರೆ ಏರುವವರ ತೋಳು ಸೋಲುತ್ತದೆ. ಇಳಿಯುವಾಗ ಕುರ್ಚಿ ಕೈಮೀರಿ ಓಡುತ್ತದೆ.

ಆದುದರಿಂದ ನಿಮ್ಮ ಊರಿನ ಕಚೇರಿಯ ಮುಂದೆ ಇಳಿಜಾರು ಕಂಡೊಡನೆ ಸಮಾಧಾನಪಡಬೇಡಿ. ಅಳತೆಪಟ್ಟಿ ಹಿಡಿದು ನೋಡಿ. ಅದನ್ನು ಕಟ್ಟಿದುದು ಕಡತಕ್ಕಾಗಿಯೋ ಮನುಷ್ಯನಿಗಾಗಿಯೋ ಎಂಬುದನ್ನು ಆ ಅಳತೆಯೇ ಹೇಳುತ್ತದೆ.