ಸ್ಲೋ ಕುಕ್ಕರ್: ಅಸರ್ ಬಳಿಕ ಗೃಹಿಣಿಗೊಂದು ಬಿಡುವು

ರಮಝಾನಿನ ಸಂಜೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ದುಡಿಯುವವರು ಯಾರೆಂದು ಕೇಳಿದರೆ ಉತ್ತರ ಹುಡುಕಬೇಕಾಗಿಲ್ಲ. ಅಸರ್ ನಮಾಝ್ ಮುಗಿಸಿದ ಗಂಡಸರು ಮಸೀದಿಯಲ್ಲಿ ಕುರ್‌ಆನ್ ತೆರೆದು ಕೂರುತ್ತಾರೆ. ಮನೆಯ ಹೆಂಗಸರು ಅದೇ ಹೊತ್ತಿಗೆ ಎರಡು ಒಲೆ ಹಚ್ಚುತ್ತಾರೆ. ಅವರೂ ಉಪವಾಸಿಗರೇ. ಆದರೆ ಉಪವಾಸಿಗರ ಪ್ರಾರ್ಥನೆ ತಿರಸ್ಕೃತವಾಗುವುದಿಲ್ಲವೆಂದು ಹದೀಸ್‌ಗಳು ಕಲಿಸುವ ಆ ಅಮೂಲ್ಯ ವೇಳೆ ಅವರ ಪಾಲಿಗೆ ಸಮೋಸ ಕರಿಯುವುದರಲ್ಲಿ, ಪಾತ್ರೆ ತೊಳೆಯುವುದರಲ್ಲಿ ಕಳೆದುಹೋಗುತ್ತದೆ. ಬಾಂಗ್ ಕೇಳಿದಾಗಲೂ ಕೈಯಲ್ಲಿ ಸೌಟು ಇರುತ್ತದೆ.

ಈ ಹೊತ್ತನ್ನು ಸ್ವಲ್ಪವಾದರೂ ಮರಳಿ ಪಡೆಯಲು ಸಾಧ್ಯವೇ? ಗಲ್ಫ್‌ನಲ್ಲಿರುವ ಅಥವಾ ಅಲ್ಲಿಂದ ಮರಳಿದ ನಮ್ಮ ಅನೇಕ ಕುಟುಂಬಗಳ ಅಡುಗೆಮನೆಯಲ್ಲಿ ಒಂದು ಉಪಕರಣ ಕಾಣಸಿಗುತ್ತದೆ. ಕೆಲವರಲ್ಲಿ ಅದು ಪೆಟ್ಟಿಗೆಯಿಂದ ಹೊರಬಂದಿರುವುದೂ ಇಲ್ಲ. ಅದೇ ಸ್ಲೋ ಕುಕ್ಕರ್. ಅದರ ಬಗ್ಗೆ, ಅದರಲ್ಲಿ ಮಾಡಬಹುದಾದ ಕೆನೆಭರಿತ ಚಿಕನ್ ಪಾಸ್ತಾದ ಬಗ್ಗೆ ಇಲ್ಲಿ ತಿಳಿದುಕೊಳ್ಳೋಣ.

ಹಳೆಯ ಉಪಾಯ, ಹೊಸ ಯಂತ್ರ

ಸ್ಲೋ ಕುಕ್ಕರ್ ಎಂದರೆ ಪಿಂಗಾಣಿಯಂತಹ ದಪ್ಪ ಮಣ್ಣಿನ ಪಾತ್ರೆ. ಅದರ ಸುತ್ತ ಲೋಹದ ಕವಚ, ಕವಚದೊಳಗೆ ಬಿಸಿಯಾಗುವ ತಂತಿ, ಮೇಲೆ ಗಾಜಿನ ಮುಚ್ಚಳ. ಪ್ರೆಶರ್ ಕುಕ್ಕರ್ ಹಬೆಯ ಒತ್ತಡದಿಂದ ಬೇಗ ಬೇಯಿಸುತ್ತದೆ. ಇದು ಅದಕ್ಕೆ ತೀರಾ ವಿರುದ್ಧ. ಕುದಿಯುವ ಹಂತಕ್ಕಿಂತ ಸ್ವಲ್ಪ ಕೆಳಗಿನ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುತ್ತದೆ. ಮಾಂಸದೊಳಗಿನ ಗಟ್ಟಿ ನಾರಿನಂಶ ಈ ನಿಧಾನದ ಶಾಖಕ್ಕೆ ಕರಗಿ ಮೆತ್ತಗಾಗುತ್ತದೆ. ತಳ ಹಿಡಿಯುವ ಭಯ ಕಡಿಮೆ, ಪದೇ ಪದೇ ಕಲಕುವ ಕೆಲಸವಿಲ್ಲ.

ಇದರ ಇತಿಹಾಸವೂ ಸ್ವಾರಸ್ಯಕರ. ಅಮೆರಿಕದ ಶಿಕಾಗೋ ನಗರದ ಇರ್ವಿಂಗ್ ನ್ಯಾಕ್ಸನ್ ಎಂಬವರು ಇದಕ್ಕೆ 1940ರಲ್ಲಿ ಪೇಟೆಂಟ್ ಪಡೆದರು. ಅವರು ಯಹೂದಿ ಕುಟುಂಬದವರು. ಯಹೂದಿಯರು ಶನಿವಾರದ ಸಬ್ಬತ್ ದಿನ ಬೆಂಕಿ ಹಚ್ಚುವುದಿಲ್ಲ. ಆದ್ದರಿಂದ ಲಿಥುವೇನಿಯಾದಲ್ಲಿದ್ದ ಅವರ ಹಿರಿಯರು ಶುಕ್ರವಾರ ಸಂಜೆಯೇ ಮಾಂಸ, ಕಾಳುಗಳ ಗಡಿಗೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು ಬರುತ್ತಿದ್ದರಂತೆ. ತಾಯಿಯಿಂದ ಕೇಳಿದ ಆ ಸಂಗತಿಯೇ ಅವರಿಗೆ ಪ್ರೇರಣೆಯಾಯಿತು. 1971ರಲ್ಲಿ ರೈವಲ್ ಕಂಪೆನಿಯು ಅದನ್ನು ಸುಧಾರಿಸಿ 'ಕ್ರಾಕ್ ಪಾಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಹೊರಗೆ ದುಡಿಯಲು ಹೋಗುತ್ತಿದ್ದ ಅಮೆರಿಕದ ಮಹಿಳೆಯರು ಅದನ್ನು ಬಹಳ ಇಷ್ಟಪಟ್ಟು ಕೊಂಡರು. ಆರಾಧನೆಯ ದಿನ ಅಡುಗೆಯ ಚಿಂತೆ ಇರಬಾರದೆಂಬ ಆಸೆಯಿಂದ ಹುಟ್ಟಿದ ವಿಧಾನವಿದು ಎಂಬುದನ್ನು ಗಮನಿಸಿ.

ನಿಧಾನದ ಅಡುಗೆ ನಮಗೂ ಹೊಸದಲ್ಲ. ಗೋಧಿ ಮತ್ತು ಮಾಂಸವನ್ನು ಗಂಟೆಗಟ್ಟಲೆ ಬೇಯಿಸುವ ಹರೀಸ್ ಅರಬರ ರಮಝಾನಿನ ಅಚ್ಚುಮೆಚ್ಚಿನ ಖಾದ್ಯ. ಯುಎಇ, ಒಮಾನ್ ಮತ್ತು ಸೌದಿ ಅರೇಬಿಯಾಗಳ ಕೋರಿಕೆಯ ಮೇರೆಗೆ 2023ರಲ್ಲಿ ಯುನೆಸ್ಕೊ ಅದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಹೈದರಾಬಾದಿನ ಹಲೀಮ್ ಅದರ ಬಂಧುವೇ. ನಮ್ಮ ದಮ್ ಬಿರಿಯಾನಿಯ ಗುಟ್ಟೂ ಮುಚ್ಚಿದ ಪಾತ್ರೆ, ಸಣ್ಣ ಉರಿಗಳೇ ಅಲ್ಲವೇ?

ಪಾಸ್ತಾ ಪರಕೀಯವೇ?

ಪಾಸ್ತಾ ಎಂದೊಡನೆ ಮನೆಯ ಹಿರಿಯರು ಮೂಗು ಮುರಿಯುವುದುಂಟು. ಅವರಿಗೆ ಈ ವಿಷಯ ತಿಳಿಸಿ. ಪ್ರಸಿದ್ಧ ಭೂಗೋಳಶಾಸ್ತ್ರಜ್ಞ ಅಲ್ ಇದ್ರೀಸಿಯವರು 1154ರಲ್ಲಿ ಪೂರ್ಣಗೊಳಿಸಿದ ತಮ್ಮ ಗ್ರಂಥದಲ್ಲಿ ಸಿಸಿಲಿ ದ್ವೀಪದ ಪಲೆರ್ಮೊ ಬಳಿಯ ತ್ರಬಿಯ ಎಂಬ ಊರನ್ನು ವರ್ಣಿಸಿದ್ದಾರೆ. ಅಲ್ಲಿ 'ಇತ್ರಿಯ್ಯ' ಎಂಬ ಒಣಗಿಸಿದ ಹಿಟ್ಟಿನ ಎಳೆಗಳು ಹೇರಳವಾಗಿ ತಯಾರಾಗಿ, ಹಡಗುಗಳಲ್ಲಿ ಮುಸ್ಲಿಮ್ ಮತ್ತು ಕ್ರೈಸ್ತ ನಾಡುಗಳಿಗೆ ಹೋಗುತ್ತಿದ್ದವೆಂದು ಬರೆದಿದ್ದಾರೆ. ಇಟಲಿಯ ಒಣ ಪಾಸ್ತಾದ ಬಗ್ಗೆ ಸಿಗುವ ಹಳೆಯ ದಾಖಲೆಗಳಲ್ಲಿ ಇದು ಮುಖ್ಯವಾದುದು. ಭಟ್ಕಳದ ನವಾಯತರ ಶಾವಿಗೆ ಬಿರಿಯಾನಿ, ಬ್ಯಾರಿಗಳು ಮಾಂಸದ ಸಾರಿನಲ್ಲಿ ಅದ್ದುವ ಪುಟ್ಟ ಅಕ್ಕಿ ಪಿಂಡಿ ತಿಂದು ಬೆಳೆದವರಿಗೆ ಹಿಟ್ಟಿನ ಉಂಡೆಯಾಗಲಿ ಎಳೆಯಾಗಲಿ ಸಾರು ಹೀರಿಕೊಳ್ಳುವ ರುಚಿಯನ್ನು ಹೊಸದಾಗಿ ಕಲಿಸಬೇಕಿಲ್ಲ.

ಬೇಕಾಗುವ ಸಾಮಗ್ರಿಗಳು (ಐದಾರು ಮಂದಿಗೆ)

ಎಲುಬಿಲ್ಲದ ಕೋಳಿ ತೊಡೆಯ ಮಾಂಸ – 750 ಗ್ರಾಂ
ಪೆನ್ನೆ ಪಾಸ್ತಾ – 300 ಗ್ರಾಂ
ದೊಡ್ಡ ಈರುಳ್ಳಿ – 1
ಬೆಳ್ಳುಳ್ಳಿ – 8 ಎಸಳು
ದೊಣ್ಣೆ ಮೆಣಸು – 1
ಬೆಣ್ಣೆ – 2 ದೊಡ್ಡ ಚಮಚ
ಕಾಳುಮೆಣಸಿನ ಪುಡಿ – 1 ಚಹಾ ಚಮಚ
ಒರೆಗಾನೊ – 1 ಚಹಾ ಚಮಚ
ಉಪ್ಪು – ಒಂದೂವರೆ ಚಹಾ ಚಮಚ
ಬಿಸಿ ನೀರು – 2 ಕಪ್
ಕಾರ್ನ್‌ಫ್ಲೋರ್ – 2 ದೊಡ್ಡ ಚಮಚ
ಹಾಲು – ಅರ್ಧ ಕಪ್
ಫ್ರೆಶ್ ಕ್ರೀಮ್ – 200 ಮಿ.ಲೀ.
ತುರಿದ ಚೀಸ್ – 100 ಗ್ರಾಂ
ಕೊತ್ತಂಬರಿ ಸೊಪ್ಪು – ಸ್ವಲ್ಪ

ತಯಾರಿಸುವ ವಿಧಾನ

ಝುಹರ್ ನಮಾಝ್‌ಗೆ ಮೊದಲು ಈರುಳ್ಳಿ, ಬೆಳ್ಳುಳ್ಳಿಯನ್ನು ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಐದು ನಿಮಿಷ ಬಾಡಿಸಿ. ಸ್ಲೋ ಕುಕ್ಕರಿನಲ್ಲಿ ಈರುಳ್ಳಿ ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಆದ್ದರಿಂದ ಈ ಐದು ನಿಮಿಷ ಉಳಿಸಲು ಹೋಗಬೇಡಿ. ಅದನ್ನು ಪಾತ್ರೆಯ ತಳದಲ್ಲಿ ಹರಡಿ, ಮೇಲೆ ಮಾಂಸ, ದೊಣ್ಣೆ ಮೆಣಸು, ಉಪ್ಪು, ಕಾಳುಮೆಣಸು, ಒರೆಗಾನೊ ಹಾಕಿ ಬಿಸಿ ನೀರು ಸುರಿಯಿರಿ. ಮುಚ್ಚಳ ಮುಚ್ಚಿ 'ಲೋ'ನಲ್ಲಿ ಐದು ಗಂಟೆ ಇಡಿ. ಅವಸರವಿದ್ದರೆ 'ಹೈ'ನಲ್ಲಿ ಎರಡೂವರೆಯಿಂದ ಮೂರು ಗಂಟೆ ಸಾಕು. ಎದೆಯ ಮಾಂಸ ಬಳಸುವುದಾದರೆ ಸಮಯ ಕಡಿಮೆ ಮಾಡಿ, ಇಲ್ಲವಾದರೆ ಅದು ಒಣಗಿ ನಾರಾಗುತ್ತದೆ.

ಮಗ್ರಿಬ್‌ಗೆ ಒಂದು ಗಂಟೆ ಇರುವಾಗ ಮಾಂಸವನ್ನು ಎರಡು ಫೋರ್ಕ್‌ಗಳಿಂದ ಬಿಡಿಸಿ. ಕಾರ್ನ್‌ಫ್ಲೋರನ್ನು ತಣ್ಣನೆಯ ಹಾಲಿನಲ್ಲಿ ಕದಡಿ ಸೇರಿಸಿ, ಮುಚ್ಚಿ, 'ಹೈ'ನಲ್ಲಿ ಇಪ್ಪತ್ತು ನಿಮಿಷ ಬಿಡಿ. ಅಷ್ಟರಲ್ಲಿ ಗ್ಯಾಸ್ ಒಲೆಯಲ್ಲಿ ಉಪ್ಪು ನೀರು ಕುದಿಸಿ, ಪೊಟ್ಟಣದಲ್ಲಿ ಬರೆದ ಸಮಯಕ್ಕಿಂತ ಎರಡು ನಿಮಿಷ ಕಡಿಮೆ ಪಾಸ್ತಾ ಬೇಯಿಸಿ ಬಸಿಯಿರಿ. ಬಸಿದ ನೀರಿನಿಂದ ಒಂದು ಕಪ್ ತೆಗೆದಿಡಿ. ಪಾಸ್ತಾಕ್ಕೆ ಒಂದು ಚಮಚ ಎಣ್ಣೆ ಸವರಿ.

ಈಗ ಕುಕ್ಕರನ್ನು 'ವಾರ್ಮ್'ಗೆ ತಿರುಗಿಸಿ ಕ್ರೀಮ್, ಚೀಸ್ ಬೆರೆಸಿ. ಇವನ್ನು ಮೊದಲೇ ಹಾಕಿದರೆ ದೀರ್ಘ ಶಾಖಕ್ಕೆ ಹಾಲು ಒಡೆದಂತೆ ಒಡೆಯುತ್ತವೆ. ಖರ್ಜೂರ, ನೀರಿನಿಂದ ಇಫ್ತಾರ್ ಮಾಡಿ, ಮಗ್ರಿಬ್ ನಮಾಝ್ ಮುಗಿಸಿ ಬಂದ ಮೇಲೆ ಪಾಸ್ತಾ ಸೇರಿಸಿ. ಗಟ್ಟಿಯೆನಿಸಿದರೆ ತೆಗೆದಿಟ್ಟ ನೀರು ಬೆರೆಸಿ. ಐದು ನಿಮಿಷ ಮುಚ್ಚಿಟ್ಟು ಕೊತ್ತಂಬರಿ ಸೊಪ್ಪು ಉದುರಿಸಿ ಬಡಿಸಿ.

ಉಪವಾಸದಲ್ಲಿ ಉಪ್ಪು ನೋಡುವುದು ಹೇಗೆಂದು ಹಲವು ಸಹೋದರಿಯರು ಕೇಳುತ್ತಾರೆ. ಅಳತೆ ಸರಿಯಾಗಿದ್ದರೆ ನೋಡುವ ಅಗತ್ಯವೇ ಬಾರದು. ಅಗತ್ಯವಿದ್ದಾಗ ನಾಲಗೆಯ ತುದಿಯಲ್ಲಿ ರುಚಿ ನೋಡಿ, ನುಂಗದೆ ಉಗುಳಿದರೆ ಉಪವಾಸ ಮುರಿಯುವುದಿಲ್ಲವೆಂದು ವಿದ್ವಾಂಸರು ಹೇಳಿದ್ದಾರೆ.

ಇವುಗಳಲ್ಲಿ ಎಚ್ಚರ ತಪ್ಪಬೇಡಿ

* ಫ್ರೀಝರ್‌ನಿಂದ ತೆಗೆದ ಗಟ್ಟಿ ಮಾಂಸವನ್ನು ನೇರವಾಗಿ ಹಾಕಲೇಬಾರದು. ಶಾಖ ಏರಲು ತಡವಾಗಿ, 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಹೆಚ್ಚುತ್ತವೆ. ಸಹರಿಗೆ ಎದ್ದಾಗಲೇ ಮಾಂಸ ಕರಗಿದೆಯೇ ನೋಡಿ. ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿಡುವುದು ಉತ್ತಮ.
* ಪಾತ್ರೆ ಅರ್ಧಕ್ಕಿಂತ ಕಡಿಮೆಯಾಗಲಿ, ಮುಕ್ಕಾಲಿಗಿಂತ ಹೆಚ್ಚಾಗಲಿ ತುಂಬಬೇಡಿ. ಆಗಾಗ ಮುಚ್ಚಳ ತೆರೆದರೆ ಒಳಗಿನ ಶಾಖ ಹೋಗಿ ಪ್ರತಿ ಸಲ ಕಾಲು ಗಂಟೆಗೂ ಹೆಚ್ಚು ಸಮಯ ಬೇಕಾಗುತ್ತದೆ.
* ಅಡುಗೆಯ ನಡುವೆ ಕರೆಂಟ್ ಹೋದರೆ ತಡಮಾಡದೆ ಎಲ್ಲವನ್ನೂ ಬೇರೆ ಪಾತ್ರೆಗೆ ಸುರಿದು ಗ್ಯಾಸ್ ಒಲೆಯಲ್ಲಿ ಬೇಯಿಸಿ. ನೀವು ಮನೆಯಲ್ಲಿಲ್ಲದಾಗ ಎಷ್ಟು ಹೊತ್ತು ಕರೆಂಟ್ ಹೋಗಿತ್ತೆಂದು ಗೊತ್ತಿಲ್ಲದಿದ್ದರೆ ಆ ಮಾಂಸವನ್ನು ತಿನ್ನಬೇಡಿ.
* ರಾಜ್ಮಾ ಕಾಳನ್ನು ಹಸಿಯಾಗಿ ಇದರಲ್ಲಿ ಬೇಯಿಸಬಾರದು. ಅದರಲ್ಲಿರುವ ವಿಷಾಂಶ ಕಡಿಮೆ ಶಾಖಕ್ಕೆ ನಾಶವಾಗುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿದ ಬಳಿಕವೇ ಹಾಕಿ.
* ಉಳಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಸಹರಿಗೆ ಬಿಸಿ ಮಾಡುವುದು ಒಲೆಯಲ್ಲಿ, ಸ್ಲೋ ಕುಕ್ಕರಿನಲ್ಲಲ್ಲ.
* ಅಮೆರಿಕದಿಂದ ಬಂಧುಗಳು ತಂದ ಕುಕ್ಕರನ್ನು ನೇರವಾಗಿ ನಮ್ಮ ಪ್ಲಗ್‌ಗೆ ಹಾಕಬೇಡಿ. ಅಲ್ಲಿನದು 120 ವೋಲ್ಟ್, ನಮ್ಮದು 230. ಗಲ್ಫ್‌ನಿಂದ ತಂದದ್ದಾದರೂ ಅದರ ಅಡಿಯಲ್ಲಿ ಬರೆದ ವೋಲ್ಟ್ ಓದಿ ನೋಡಿ.

ಕರೆಂಟ್ ಬಿಲ್ಲಿನ ಭಯ ಬೇಡ. 200 ವ್ಯಾಟ್‌ನ ಕುಕ್ಕರ್ ಆರು ಗಂಟೆ ಸತತ ಉರಿದರೂ ಖರ್ಚಾಗುವುದು 1.2 ಯೂನಿಟ್ ಮಾತ್ರ.

ಹಲಾಲ್ ಪರಿಶೀಲನೆ

ಪಾಶ್ಚಾತ್ಯ ಅಡುಗೆಯನ್ನು ಮನೆಗೆ ತರುವಾಗ ಕಣ್ಣು ತೆರೆದಿರಬೇಕು. ಇಂತಹ ಪಾಕವಿಧಾನಗಳಲ್ಲಿ ಬಿಳಿ ವೈನ್ ಸೇರಿಸುವ ರೂಢಿಯಿದೆ. ಬೇಯುವಾಗ ಮದ್ಯ ಆವಿಯಾಗುತ್ತದೆ ಎಂಬ ಸಮಜಾಯಿಷಿಗೆ ಮರುಳಾಗಬೇಡಿ. ಅದರ ಬದಲು ಕೊನೆಯಲ್ಲಿ ಒಂದು ಚಮಚ ನಿಂಬೆರಸ ಹಿಂಡಿದರೆ ಬೇಕಾದ ಹುಳಿ ಸಿಗುತ್ತದೆ. ಹಂದಿಮಾಂಸದ ಬೇಕನ್ ಸೇರಿಸುವವರೂ ಇದ್ದಾರೆ. ಚಿಕನ್ ಕ್ಯೂಬ್, ಡಬ್ಬದ ಸೂಪ್ ಬಳಸುವುದಾದರೆ ಅದರ ಕೋಳಿಯೂ ಹಲಾಲ್ ಆಗಿರಬೇಕು. ಚೀಸ್ ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಕೆಲವೊಮ್ಮೆ ಕರುವಿನ ಹೊಟ್ಟೆಯಿಂದ ಬರುತ್ತದೆ. ಇಟಲಿಯ ಪಾರ್ಮೆಸಾನ್ ಚೀಸ್ ಅಂಥದ್ದು. ಅದರ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹಸಿರು ಗುರುತಿರುವ ಭಾರತೀಯ ಚೀಸ್ ಕೊಂಡರೆ ಈ ಗೊಂದಲವೇ ಇಲ್ಲ.

ಸ್ಲೋ ಕುಕ್ಕರ್ ಇಲ್ಲದವರು?

ಇದಕ್ಕಾಗಿಯೇ ಸಾವಿರಾರು ರೂಪಾಯಿ ಖರ್ಚು ಮಾಡಬೇಕಾಗಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಎಲ್ಲವನ್ನೂ ಒಮ್ಮೆ ಕುದಿಸಿ, ಬಿಗಿಯಾಗಿ ಮುಚ್ಚಿ, ತವದ ಮೇಲಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಹೆಚ್ಚುಕಡಿಮೆ ಅದೇ ರುಚಿ ಬರುತ್ತದೆ. ಆದರೆ ಗ್ಯಾಸ್ ಉರಿಯುತ್ತಿರುವಾಗ ಮನೆ ಬಿಟ್ಟು ಹೋಗಬೇಡಿ.

ಉಳಿದ ಹೊತ್ತು ಯಾರದು?

ಲೆಕ್ಕ ಹಾಕಿ ನೋಡಿ. ಮಧ್ಯಾಹ್ನ ಇಪ್ಪತ್ತು ನಿಮಿಷ, ಸಂಜೆ ಅರ್ಧ ಗಂಟೆ. ಇಷ್ಟೇ ಅಡುಗೆ ಕೆಲಸ. ಅಸರ್ ಬಳಿಕ ನಿಮಗೆ ನಿಜವಾಗಿಯೂ ಬಿಡುವು ಸಿಗುತ್ತದೆ. ಆದರೆ ಇಲ್ಲಿಯೇ ಒಂದು ಅಪಾಯವಿದೆ. ಸಮಯ ಉಳಿಯಿತೆಂದು ಇನ್ನೆರಡು ಬಗೆ ಕರಿದ ತಿಂಡಿ ಸೇರಿಸಿದರೆ ಯಂತ್ರ ತಂದೂ ಪ್ರಯೋಜನವಿಲ್ಲ. ಮಿಕ್ಸಿ ಬಂತು, ಫ್ರಿಜ್ ಬಂತು, ಗ್ಯಾಸ್ ಬಂತು. ಆದರೂ ಅನೇಕ ಮನೆಗಳಲ್ಲಿ ಹೆಂಗಸಿನ ಬಿಡುವು ಹೆಚ್ಚಲಿಲ್ಲ, ತಿಂಡಿಯ ಬಗೆಗಳು ಹೆಚ್ಚಿದವು. ಒಂದು ಪಾತ್ರೆಯ ಊಟ ಮಾಡುವ ದಿನ, ಖರ್ಜೂರ, ಹಣ್ಣು, ಆ ಊಟ ಇಷ್ಟೇ ಸಾಕೆಂದು ಮನೆಮಂದಿಯೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಗಂಡಸರಿಗೂ ಒಂದು ಮಾತು ದಾಟಿಸಿ. ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಮಂದಿಯ ಸೇವೆಯಲ್ಲಿರುತ್ತಿದ್ದರು, ನಮಾಝ್ ಸಮಯವಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಸಹೀಹ್ ಬುಖಾರಿಯಲ್ಲಿರುವ ಈ ವರದಿಯನ್ನು ನಾವೆಲ್ಲರೂ ಕೇಳಿದ್ದೇವೆ. ಪಾಸ್ತಾ ಬಸಿಯುವುದು, ತಟ್ಟೆ ಇಡುವುದು, ಊಟದ ನಂತರ ಆ ಭಾರದ ಪಾತ್ರೆ ತೊಳೆಯುವುದು ಗಂಡಸರೂ ಮಕ್ಕಳೂ ಮಾಡಬಹುದಾದ ಕೆಲಸಗಳೇ. ಬಿಸಿಯಾಗಿರುವಾಗ ಅದಕ್ಕೆ ತಣ್ಣೀರು ಸುರಿಯಬಾರದು, ಬಿರುಕು ಬಿಡುತ್ತದೆ ಎಂದು ಮಾತ್ರ ಹೇಳಿಕೊಡಿ.

ಸಾರು ಮಾಡುವಾಗ ಸ್ವಲ್ಪ ನೀರು ಹೆಚ್ಚಿಸಿ ನೆರೆಯವರನ್ನು ವಿಚಾರಿಸಿಕೊಳ್ಳುವಂತೆ ಪ್ರವಾದಿ(ಸ)ರು ಹ. ಅಬೂದರ್ರ್(ರ)ರಿಗೆ ಉಪದೇಶಿಸಿದ್ದರು. ದೊಡ್ಡ ಪಾತ್ರೆಯಲ್ಲಿ ಆರು ಮಂದಿಗೆ ಬೇಯುವುದು ಏಳನೆಯವರಿಗೂ ಸಾಲುತ್ತದೆ. ಪಕ್ಕದ ಮನೆಗೆ ಒಂದು ಬಟ್ಟಲು ಕಳುಹಿಸಿ. ಬಾಂಗ್‌ಗೆ ಹತ್ತು ನಿಮಿಷ ಮೊದಲೇ ಅಡುಗೆಮನೆಯ ದೀಪ ಆರಿಸಿ, ವುಝೂ ಮಾಡಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದುಆಕ್ಕೆ ಕೈಯೆತ್ತಿ.