ಬಂದೂಕಿಗೆ ಲೈಸೆನ್ಸ್ ಇದೆ, ದಾರಿಗೆ ಇದೆಯಾ? ಕಾರಿನಲ್ಲಿ ಒಯ್ಯುವ ಮುನ್ನ ತಿಳಿಯಬೇಕಾದ್ದು

ಈ ಸಂಚಿಕೆಗೆ ಕಾರಣ ಹನೂರು ಕಡೆಯಿಂದ ಬಂದ ಒಂದು ವಾಯ್ಸ್ ಮೆಸೇಜ್. "ನಮ್ಮಪ್ಪನ ಹೆಸರಲ್ಲಿ ಬಂದೂಕು ಲೈಸೆನ್ಸ್ ಇದೆ. ಟ್ರಿಗರ್ ಕೆಟ್ಟಿದೆ. ಅಪ್ಪಂಗೆ ಓಡಾಡಕ್ಕಾಗಲ್ಲ. ನಾನೊಬ್ನೇ ಕಾರಲ್ಲಿ ಹಾಕ್ಕೊಂಡು ಮೈಸೂರಿಗೆ ರಿಪೇರಿಗೆ ಹೋಗ್ಬೋದಾ?"

ಚಿಕ್ಕದಾಗಿ ಹೇಳೋದಾದ್ರೆ, ಹೋಗಬಹುದು. ಆದರೆ ಅಪ್ಪನ ಸಹಿ ಇರುವ ಪತ್ರ ಜೊತೆಗಿರಬೇಕು. ಯಾವ ರಸ್ತೆಯಲ್ಲಿ ಹೋಗ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಬಂದೂಕು ಇಟ್ಕೊಂಡು ಪ್ರಯಾಣ ಮಾಡೋರಿಗೆ ಎರಡು ಕಾನೂನು ಅನ್ವಯ ಆಗುತ್ತೆ. ಒಂದು 1959ರ ಶಸ್ತ್ರಾಸ್ತ್ರ ಕಾಯ್ದೆ, ಇನ್ನೊಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮೊದಲನೆಯದು ಬಂದೂಕು ಇರೋರಿಗೆಲ್ಲ ಗೊತ್ತು. ಎರಡನೆಯದು ಬಹಳ ಜನಕ್ಕೆ ನೆನಪಿಗೇ ಬರಲ್ಲ.

ಬಂದೂಕು ಯಾರ ಕೈಯಲ್ಲಿದೆ?

"ಅಪ್ಪನ ಬಂದೂಕು ಅಂದ್ರೆ ನಮ್ಮನೆ ಬಂದೂಕು" ಅನ್ನೋದು ಊರಿನ ಮಾತು. ಕಾನೂನು ಹಾಗೆ ನೋಡಲ್ಲ. ಲೈಸೆನ್ಸ್ ಕೊಡೋದು ವ್ಯಕ್ತಿಗೆ, ಮನೆಗಲ್ಲ. ಆದರೆ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 3ರಲ್ಲಿ ಒಂದು ವಿನಾಯಿತಿ ಇದೆ. ಲೈಸೆನ್ಸ್‌ದಾರರು ಜೊತೆಗಿದ್ದರೆ, ಅಥವಾ ಅವರು ಬರೆದುಕೊಟ್ಟ ಅನುಮತಿ ಇದ್ದರೆ, ಬೇರೆಯವರು ಬಂದೂಕನ್ನ ಒಯ್ಯಬಹುದು. ಅದೂ ಮೂರೇ ಕಾರಣಕ್ಕೆ: ರಿಪೇರಿ, ಲೈಸೆನ್ಸ್ ನವೀಕರಣ, ಇಲ್ಲವೇ ಆ ಲೈಸೆನ್ಸ್‌ದಾರರ ಸ್ವಂತ ಬಳಕೆ. ಫ್ರೆಂಡ್ ತೋಟಕ್ಕೆ ಕೊಟ್ಟು ಬರೋಕೆ, ರೀಲ್ಸ್ ಮಾಡೋಕೆ ಈ ಪತ್ರ ನಡೆಯಲ್ಲ.

ಪತ್ರದಲ್ಲಿ ಲೈಸೆನ್ಸ್ ಸಂಖ್ಯೆ, ಬಂದೂಕಿನ ನಂಬರ್, ಒಯ್ಯುವವರ ಹೆಸರು, ಕಾರಣ, ದಿನಾಂಕ ಬರೆಸಿಕೊಳ್ಳಿ. ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ಇದನ್ನ ಹಗುರವಾಗಿ ತಗೋಬೇಡಿ. 2019ರ ತಿದ್ದುಪಡಿ ಆದ ಮೇಲೆ, ಲೈಸೆನ್ಸ್ ಇಲ್ಲದೆ ಬಂದೂಕು ಒಯ್ದರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಮೇಲೆ ದಂಡ.

ಲೈಸೆನ್ಸನ್ನ ಒಮ್ಮೆ ಪೂರ್ತಿ ಓದಿ

ಯಾವ ಪ್ರದೇಶದಲ್ಲಿ ಅದು ಊರ್ಜಿತ ಅಂತ ಲೈಸೆನ್ಸ್‌ನಲ್ಲೇ ಬರೆದಿರುತ್ತೆ. ಜಿಲ್ಲೆಗೆ ಮಾತ್ರ ಸೀಮಿತವಾದ ಲೈಸೆನ್ಸ್ ಇಟ್ಕೊಂಡು ಮೈಸೂರಿಗೆ ಹೋಗೋ ಹಾಗಿಲ್ಲ. ಕರ್ನಾಟಕಕ್ಕೆ ಸೀಮಿತವಾದದ್ದು ಪಾಲಾರ್ ಚೆಕ್‌ಪೋಸ್ಟ್ ದಾಟಿ ತಮಿಳುನಾಡಿಗೆ ಹೋದ ತಕ್ಷಣ ಕೆಲಸಕ್ಕೆ ಬರಲ್ಲ. ಅವಧಿ 5 ವರ್ಷ, ಮುಗಿದಿದೆಯಾ ನೋಡಿ. ಎಷ್ಟು ತೋಟಾ ಇಟ್ಕೋಬಹುದು ಅಂತಲೂ ಅಲ್ಲೇ ಇರುತ್ತೆ.

ನಮ್ಮ ಭಾಗದ ರೈತರಿಗೆ ಇನ್ನೊಂದು ಮಾತು. ಕಾಯ್ದೆಯ ಸೆಕ್ಷನ್ 13ರ ಪ್ರಕಾರ ಬೆಳೆ ರಕ್ಷಣೆಗೆ ಮೊದಲು ಸಿಗೋದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ನುಣುಪು ನಳಿಗೆಯ ಬೇರೆ ಬಂದೂಕು, ಅಂದ್ರೆ ಶಾಟ್‌ಗನ್, ಕೊಡಬಹುದು. ನಳಿಗೆಯೊಳಗೆ ಸುರುಳಿ ಗೆರೆ ಕೊರೆದ ರೈಫಲ್ ಈ ಅವಕಾಶದಲ್ಲಿ ಬರಲ್ಲ. ಬೆಳೆ ಕಾಯೋಕೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಹಂದಿ ಹೊಡೆಯೋಕೆ ಅನುಮತಿ ಇದೆ ಅಂತಲೂ ಅಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯಡಿ ಪ್ರತ್ಯೇಕ ಲಿಖಿತ ಅನುಮತಿ ಬೇಕು.

ಕಾರಿನೊಳಗೆ ಹೇಗಿಡಬೇಕು?

2016ರ ಶಸ್ತ್ರಾಸ್ತ್ರ ನಿಯಮಗಳು ಹೇಳೋದು ಇಷ್ಟು: ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲೂ ಇರಬೇಕು. ಹಿಂದಿನ ಸೀಟಲ್ಲಿ ಟವೆಲ್ ಹೊದಿಸಿ ಇಡೋದು ಚೀಲ ಅನ್ನಿಸ್ಕೊಳ್ಳಲ್ಲ. ಡಿಕ್ಕಿಯಲ್ಲಿಟ್ಟು, ಕಾರ್ ನಿಲ್ಲಿಸಿ, ಹೋಟೆಲಲ್ಲಿ ಅರ್ಧ ಗಂಟೆ ಊಟಕ್ಕೆ ಕೂತರೆ ಹತೋಟಿ ಎಲ್ಲಿದೆ? ಹೊರಡೋ ಮೊದಲು ನಳಿಗೆ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ತೋಟಾಗಳನ್ನ ಬೇರೆ ಚೀಲದಲ್ಲಿಡಿ. ಹಳ್ಳ ಹತ್ತಿಳಿಯೋ ರಸ್ತೆಯಲ್ಲಿ ನಿಮ್ಮ ಜೀವಕ್ಕೂ ಅದೇ ಒಳ್ಳೇದು.

ಈಗ ಕಾಡಿನ ವಿಚಾರ

ಈ ಮೂರು ತಾಲ್ಲೂಕುಗಳನ್ನ ಮ್ಯಾಪಲ್ಲಿ ನೋಡಿ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ, 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಆರ್‌ಟಿ, ಎಲ್ಲ ಸುತ್ತಲೇ ಇವೆ. ಯಳಂದೂರಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೂ, ತಾಳಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತಿದರೂ, ನೀವು ಹೋಗೋದು ವನ್ಯಜೀವಿಗಳ ಜಾಗದೊಳಗೆ.

ವನ್ಯಜೀವಿ ಕಾಯ್ದೆಯ ಸೆಕ್ಷನ್ 27 ಅಭಯಾರಣ್ಯ ಪ್ರವೇಶಕ್ಕೆ ನಿರ್ಬಂಧ ಹಾಕುತ್ತೆ, ಆದರೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗೋರಿಗೆ ವಿನಾಯಿತಿ ಕೊಡುತ್ತೆ. ಹಾಗಾಗಿ ನಾವೆಲ್ಲ ಬೆಟ್ಟಕ್ಕೆ ಸಲೀಸಾಗಿ ಹೋಗಿ ಬರ್ತೀವಿ. ಸೆಕ್ಷನ್ 31 ಬೇರೆ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರ ಪರವಾಗಿ ಅಧಿಕಾರ ಇರೋರ ಮುಂಚಿತ ಲಿಖಿತ ಅನುಮತಿ ಇಲ್ಲದೆ ಯಾರೂ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ ಅನ್ನುತ್ತೆ. ಇಲ್ಲಿ ಹೆದ್ದಾರಿ ವಿನಾಯಿತಿ ಇಲ್ಲ. ಅಂದ್ರೆ ಅದೇ ರಸ್ತೆಯಲ್ಲಿ ನಿಮಗೆ ದಾರಿ ಇದೆ, ನಿಮ್ಮ ಬಂದೂಕಿಗೆ ಇಲ್ಲ. ಜಿಲ್ಲಾಧಿಕಾರಿ ಕೊಟ್ಟ ಲೈಸೆನ್ಸ್ ಎಷ್ಟೇ ಸರಿ ಇದ್ದರೂ ಅದು ಈ ಅನುಮತಿ ಆಗಲ್ಲ.

ಅರಣ್ಯಾಧಿಕಾರಿಗಳಿಗೆ ಸೆಕ್ಷನ್ 50ರಡಿ ವಾಹನ ನಿಲ್ಲಿಸಿ ತಪಾಸಣೆ ಮಾಡೋ ಅಧಿಕಾರ ಇದೆ. 2022ರ ತಿದ್ದುಪಡಿ ನಂತರ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೇಟೆ ಅಂತ ಸಾಬೀತಾದರೆ ಶಿಕ್ಷೆ ಇನ್ನೂ ಜಾಸ್ತಿ, ಕಾರು, ಬಂದೂಕು ಎರಡೂ ಸರ್ಕಾರದ ಪಾಲಾಗಬಹುದು. ಈ ಕಾಡಲ್ಲಿ ವೀರಪ್ಪನ್ ಕಾಲದ ನೆನಪು ಇನ್ನೂ ಹಸಿಯಾಗಿದೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ಚೆಕ್‌ಪೋಸ್ಟಲ್ಲಿ ಬಂದೂಕು ಕಂಡರೆ ಸಿಬ್ಬಂದಿ ಸುಮ್ಮನೆ ಬಿಡ್ತಾರೆ ಅಂತ ನಿರೀಕ್ಷೆ ಮಾಡೋದು ತಪ್ಪು.

ಹಾಗಾದ್ರೆ ಕಾಡಿನೊಳಗಿನ, ಕಾಡಂಚಿನ ಊರಿನವರ ಕಥೆ? ಅಭಯಾರಣ್ಯದೊಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸ ಇರೋ ಲೈಸೆನ್ಸ್‌ದಾರರು ಸೆಕ್ಷನ್ 34ರ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಬಳಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡೋಕೂ ಅವರ ಒಪ್ಪಿಗೆ ಬೇಕು. ಬಂದೂಕನ್ನ ಊರಿಂದ ಹೊರಗೆ ತರಬೇಕಾದಾಗ ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಅನುಮತಿ ಕಾಗದದಲ್ಲಿ ಪಡೆಯಿರಿ. ಫೋನಲ್ಲಿ "ಸರಿ ಬನ್ನಿ" ಅಂದದ್ದು ಸಾಲಲ್ಲ.

ಮೂರು ಸಂದರ್ಭ

ಜಾತ್ರೆ: ಧಾರ್ಮಿಕ ಮೆರವಣಿಗೆ, ಜಾತ್ರೆ, ಶಾಲಾ ಕಾಲೇಜು ಆವರಣಕ್ಕೆ ವಿಶೇಷ ಅನುಮತಿ ಇಲ್ಲದೆ ಬಂದೂಕು ಒಯ್ಯಬಾರದು ಅನ್ನೋದು ಲೈಸೆನ್ಸ್ ಷರತ್ತು. ಚಿಕ್ಕಲ್ಲೂರು ಜಾತ್ರೆಗೂ, ಮಾದಪ್ಪನ ತೇರಿಗೂ ಅದು ಅನ್ವಯ. ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿ ಬೇರೆಯವರ ಸುರಕ್ಷತೆಗೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಚುನಾವಣೆ: ಠೇವಣಿ ಇಡಿ ಅಂತ ಆದೇಶ ಬಂದರೆ ಆ ಪ್ರತಿಯನ್ನ ಕಾರಲ್ಲಿಟ್ಟುಕೊಂಡು ನೇರವಾಗಿ ಠಾಣೆಗೆ ಹೋಗಿ, ರಸೀದಿ ಪಡೆಯಿರಿ.

ಸಾವು: ತಾತ ತೀರಿಕೊಂಡರೆ ಅವರ ಲೈಸೆನ್ಸ್ ಮೊಮ್ಮಗನಿಗೆ ತಾನಾಗೇ ಬರಲ್ಲ. ತಡ ಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಬಂದೂಕನ್ನ ಜಮಾ ಮಾಡಬೇಕು. ಮೊದಲು ಠಾಣೆಗೆ ತಿಳಿಸಿ, ಆಮೇಲೆ ಮುಟ್ಟಿ.

ತಡೆದು ನಿಲ್ಲಿಸಿದರೆ ಬಂದೂಕು ಇದೆ ಅಂತ ನೀವೇ ಮೊದಲು ಹೇಳಿ. ಚೀಲಕ್ಕೆ ಕೈ ಹಾಕಬೇಡಿ, ಕಾಗದ ಕೊಡಿ. ಜಪ್ತಿ ಮಾಡಿದರೆ ಮಹಜರಿನ ಪ್ರತಿ ಕೇಳಿ.

ಈಗ ನಮ್ಮ ಹನೂರಿನ ಗೆಳೆಯರಿಗೆ: ಕಾಮಗೆರೆ, ಕೊಳ್ಳೇಗಾಲ, ತಿ. ನರಸೀಪುರದ ಮೇಲೆ ಮೈಸೂರಿಗೆ ಹೋಗಿ. ಅಪ್ಪನ ಪತ್ರ, ಮೂಲ ಲೈಸೆನ್ಸ್, ನಿಮ್ಮ ಆಧಾರ್, ಮುಚ್ಚಿದ ಚೀಲ, ಖಾಲಿ ನಳಿಗೆ. ರಿಪೇರಿ ಆದ್ಮೇಲೆ ಬಿಲ್ ಇಟ್ಕೊಳ್ಳಿ. ವಾಪಸ್ ಬರ್ತಾ "ಹಂಗೇ ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಕೈ ಮುಗಿದು ಬರೋಣ" ಅನ್ನಿಸಿದರೆ, ಮೊದಲು ಮನೆಗೆ ಹೋಗಿ ಬಂದೂಕು ಒಳಗಿಟ್ಟು ಹೊರಡಿ.