ಆಕಾಶಮಾರ್ಗದ ಲೆಕ್ಕ

‘ವಿಮಾನ’ ಎಂಬ ಶಬ್ದದ ಒಡಲಲ್ಲಿ ಅಳೆಯುವುದೆಂಬ ಅರ್ಥದ ‘ಮಾ’ ಧಾತು ಅಡಗಿದೆ. ಆದುದರಿಂದ ವಿಮಾನದ ವಿಷಯದಲ್ಲಿ ಅಳತೆಯ ಮಾತೆತ್ತುವುದು ಅಪ್ರಸ್ತುತವಾಗಲಾರದು. ಎರಡು ನಿಲ್ದಾಣಗಳ ನಡುವೆ ದೂರವೆಷ್ಟು, ಹಾರಲು ಹೊತ್ತೆಷ್ಟು ಎಂಬ ಪ್ರಶ್ನೆ ನೋಡಲು ಸುಲಭ. ಉತ್ತರ ಮಾತ್ರ ಒಂದೇ ಭಾಗಾಕಾರದಲ್ಲಿ ಮುಗಿಯುವಂಥದಲ್ಲ. ನಮ್ಮ ನಾಡಿನವೇ ಆದ ಮಂಗಳೂರು, ಹುಬ್ಬಳ್ಳಿಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ದೂರ. ಮಕ್ಕಳ ಭೂಪಟವಿದ್ದರೆ ತೆರೆದಿಟ್ಟುಕೊಳ್ಳಿ. ಮಂಗಳೂರಿನ ನಿಲ್ದಾಣವಿರುವ ಬಜಪೆ ಸುಮಾರು 12 ಅಂಶ 58 ಕಲೆ ಉತ್ತರ ಅಕ್ಷಾಂಶದಲ್ಲಿದೆ. ಹುಬ್ಬಳ್ಳಿಯ ನಿಲ್ದಾಣ 15 ಅಂಶ 22 ಕಲೆಯಲ್ಲಿದೆ. ಅಂಶವೊಂದಕ್ಕೆ 60 ಕಲೆಯಂತೆ ಅಂತರ 144 ಕಲೆ. ಅಕ್ಷಾಂಶದ ಒಂದು ಕಲೆಯೇ ನಾವಿಕರ ಒಂದು ಮೈಲಿ; ವಿಮಾನ ನಡೆಸುವವರೂ ಇದನ್ನೇ ಬಳಸುತ್ತಾರೆ. ಅದು 1,852 ಮೀಟರು. ಗುಣಿಸಿದರೆ ಸುಮಾರು 267 ಕಿಲೋಮೀಟರು. ಹುಬ್ಬಳ್ಳಿ 21 ಕಿಲೋಮೀಟರಿನಷ್ಟು ಪೂರ್ವಕ್ಕೆ ಸರಿದಿದ್ದರೂ ಅದರಿಂದ ಒಟ್ಟು ದೂರಕ್ಕೆ ಸೇರುವುದು ಒಂದು ಕಿಲೋಮೀಟರಿಗಿಂತ ಕಡಿಮೆ. ಈ ನೇರ ಗೆರೆ ಸಾಗರ, ಮುಂಡಗೋಡುಗಳ ಸಮೀಪ ಹಾಯುತ್ತದೆ. ಪಂಪನ ಮನಸ್ಸನ್ನು ಸೆಳೆದ ಬನವಾಸಿ ದಾರಿಯ ಮೂರರಲ್ಲಿ ಎರಡು ಪಾಲು ಕಳೆದಾಗ ಸಿಕ್ಕುತ್ತದೆ. ಘಟ್ಟ ಹತ್ತಿ ಸುತ್ತುವ ಬಸ್ಸಿಗೆ ಈ ಭಾಗ್ಯವೆಲ್ಲಿ!

ಇನ್ನು ಕಾಲ. ಸಣ್ಣ ಊರುಗಳ ನಡುವೆ ಓಡಾಡುವ ಪ್ರೊಪೆಲರ್ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರು ಹೋಗುತ್ತದೆ. ಲೆಕ್ಕಕ್ಕೆ 32 ನಿಮಿಷ ಸಾಕು. ಗಂಟೆಗೆ 50 ಕಿಲೋಮೀಟರಿನ ಗಾಳಿ ಎದುರಾದರೆ 36 ನಿಮಿಷ. ಬೆನ್ನಿಗೆ ಬಂದರೆ 29. ಆದರೂ ಇಂಥ ದೂರಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯಷ್ಟು ಹೊತ್ತನ್ನು ಹಾಕುತ್ತಾರೆ. ಉಳಿದದ್ದು ಎಲ್ಲಿ ಹೋಯಿತು?

ಪಟ್ಟಿಯ ಲೆಕ್ಕ ವಿಮಾನ ನಿಂತ ಸ್ಥಳದಿಂದ ಕದಲಿದಾಗ ಆರಂಭವಾಗಿ, ಇನ್ನೊಂದೆಡೆ ಹೋಗಿ ನಿಂತಾಗ ಮುಗಿಯುತ್ತದೆ. ನೆಲದ ಮೇಲೆ ಉರುಳುವುದು, ಸರದಿಗೆ ಕಾಯುವುದು, ಏರುವುದು, ಇಳಿಯುವುದು ಎಲ್ಲವೂ ಅದರೊಳಗೆ ಸೇರಿದವು. ಏರುವಾಗ ಪೂರ್ಣ ವೇಗವಿರುವುದಿಲ್ಲ, ಇಳಿಯುವಾಗ ಇರಕೂಡದು. ಇನ್ನೊಂದು ಸ್ವಾರಸ್ಯವುಂಟು. ನಮ್ಮ ದಾರಿ ದಕ್ಷಿಣೋತ್ತರ. ಎರಡೂ ಕಡೆಯ ರನ್‌ವೇಗಳು ಬಹುಮಟ್ಟಿಗೆ ಪೂರ್ವಪಶ್ಚಿಮ. ಗಾಳಿಗೆ ಎದುರಾಗಿಯೇ ಏರುವುದು, ಇಳಿಯುವುದು ವಾಡಿಕೆಯಾದ್ದರಿಂದ ಹೊರಟ ಮೇಲೊಮ್ಮೆ, ತಲಪುವ ಮುನ್ನ ಒಮ್ಮೆ ತಿರುಗಲೇಬೇಕು.

ಈ ನಿಮಿಷಗಳನ್ನು ವ್ಯರ್ಥವೆನ್ನಬೇಡಿ. ಬಜಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಆಚೆಗೆ ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವೊಂದು ಇರಬೇಕಾದುದಕ್ಕಿಂತ ಎತ್ತರದಲ್ಲಿ ಬಂದು, ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ನಿಲ್ಲಲಾರದೆ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕಾಗಿತ್ತೆಂದು ತನಿಖೆ ಹೇಳಿತು. ಹಾಗೆ ಏರಿ ಸುತ್ತಿ ಬರಲು ಬೇಕಾಗುತ್ತಿದ್ದುದು ಕೆಲವೇ ನಿಮಿಷ.

ಆದುದರಿಂದ ನೀವು ಕುಳಿತ ವಿಮಾನ ಇನ್ನೇನು ನೆಲ ಮುಟ್ಟಿತು ಎನ್ನುವಾಗ ಮತ್ತೆ ಮೇಲೆದ್ದರೆ ಗಡಿಯಾರ ನೋಡಿ ಬೇಸರಪಡಬೇಡಿ. ದೂರವನ್ನು ಭೂಪಟ ಹೇಳುತ್ತದೆ. ಹೊತ್ತನ್ನು ಗೊತ್ತುಮಾಡುವುದು ಗಾಳಿ, ನೆಲ, ಚಾಲಕನ ವಿವೇಕ.